ಗುಬ್ಬಿಯ ಉಪಮೆ, ಕುಣಿಗಲ್ಲಿನ ರೂಪಕ

ಮೊನ್ನೆ ಮಂಡಿನೋವೆಂದು ಡಾಕ್ಟರ ಹತ್ತಿರ ಹೋಗಿದ್ದೆ. ನಮ್ಮ ತುಮಕೂರಿನಲ್ಲಿ ಈಗ ಮಂಡಿಗೊಬ್ಬ ಡಾಕ್ಟರು, ಬೆನ್ನಿಗೊಬ್ಬ ಡಾಕ್ಟರು, ಒಂದು ದೇಹ ಹೊತ್ತುಕೊಂಡು ಎಷ್ಟು ಮೆಟ್ಟಿಲು ಬೇಕಾದರೂ ಹತ್ತಬಹುದು. ಈ ಮಂಡಿಯ ಡಾಕ್ಟರು ಇನ್ನೂ ಎಳೆಯ ಹುಡುಗ. "ನೋವು ಹೇಗಿದೆ ಆಂಟಿ?" ಎಂದು ಕೇಳಿದ. ನೋಡಿ, 'ಎಲ್ಲಿದೆ' ಎಂದು ಕೇಳಿದ್ದರೆ ಬೆರಳು ತೋರಿಸಿ ಸುಮ್ಮನಾಗುತ್ತಿದ್ದೆ. 'ಹೇಗಿದೆ' ಎಂದುಬಿಟ್ಟ.

"ಮಂಡಿಯೊಳಗೆ ಯಾರೋ ತುರಿಮಣೆ ಹಾಕ್ಕೊಂಡು ಕಾಯಿ ತುರೀತಾ ಕೂತಿದಾರೇನೋ ಅನ್ಸುತ್ತೆ ಡಾಕ್ಟ್ರೇ. ಬೆಳಿಗ್ಗೆ ಚಟ್ನಿಗಾಗೋಷ್ಟು. ಸಂಜೆ ಹೊತ್ತಿಗೆ ಮದುವೆ ಮನೆ ಹೋಳಿಗೆಗಾಗೋಷ್ಟು."

ಹುಡುಗ ಪೆನ್ನು ಕೆಳಗಿಟ್ಟ. "ಆಂಟಿ, ಒಂದರಿಂದ ಹತ್ತರೊಳಗೆ ಒಂದು ನಂಬರ್ ಹೇಳಿ ಸಾಕು."

"ಏಳು ಅಂತ ಬರ್ಕೊಳಪ್ಪ. ಆದ್ರೆ ಎಂಥಾ ಏಳು ಅಂದ್ರೆ..." ಎನ್ನುವಷ್ಟರಲ್ಲಿ ಹೊರಗೆ ಮುಂದಿನವರ ಹೆಸರು ಕೂಗಿಯಾಗಿತ್ತು.

ಮನೆಗೆ ಬರುವ ಆಟೋದಲ್ಲಿ ಒಬ್ಬಳೇ ನಕ್ಕೆ. ಇದು ನನ್ನ ರೋಗವಲ್ಲ, ನಮ್ಮ ಮನೆತನದ್ದು. ಇದಕ್ಕೆ ಮಾತ್ರೆ ಇಲ್ಲ.

ನಾನು ಮಾತು ಕಲಿತದ್ದು ಗುಬ್ಬಿಯಲ್ಲಿ, ದೊಡ್ಡಮ್ಮನ ಹತ್ತಿರ. ಅಪ್ಪನಿಗೆ ಊರೂರಿಗೆ ವರ್ಗವಾಗುತ್ತಿದ್ದುದರಿಂದ ನನ್ನನ್ನು ಅಲ್ಲಿ ಬಿಟ್ಟಿದ್ದರು. ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಮನೆ. ಆ ಮನೆಯಲ್ಲಿ ಒಂದು ಕಾನೂನಿತ್ತು. ಯಾವ ಕೆಲಸಕ್ಕೆ ಕಳಿಸಿದರೂ ವಾಪಸು ಬಂದ ಮಗು ಬರೀ ಸುದ್ದಿ ಹೇಳಿದರೆ ಸಾಲದು. ದೊಡ್ಡಮ್ಮ "ಹೆಂಗೆ?" ಎಂದು ಕೇಳುತ್ತಿದ್ದಳು. ಅದಕ್ಕೆ ಉತ್ತರ ಕೊಟ್ಟರೆ ಮಾತ್ರ ಕೊಬ್ಬರಿ ಬೆಲ್ಲದ ಡಬ್ಬಿ ಬಾಯಿ ತೆರೆಯುತ್ತಿತ್ತು.

ಒಂದು ಸಲ ದೊಡ್ಡಪ್ಪ ರೈಲಿಳಿದರೋ ಇಲ್ಲವೋ ನೋಡಿಕೊಂಡು ಬಾ ಎಂದು ಕಳಿಸಿದಳು. ಓಡಿಹೋಗಿ ಓಡಿಬಂದೆ.

"ಬಂದ್ರು ದೊಡ್ಡಮ್ಮ."

"ಹೆಂಗ್ ಬಂದ್ರೇ?"

"ನಡ್ಕೊಂಡು."

ಡಬ್ಬಿಯ ಮುಚ್ಚಳ ಟಪ್ಪೆಂದು ಮುಚ್ಚಿಕೊಂಡಿತು. "ನಡ್ಕೊಂಡು ಬರದೆ ಇನ್ನೇನ್ ಹಾರ್ಕೊಂಡ್ ಬರ್ತಾರಾ? ಹೋಗ್, ಇನ್ನೊಂದ್ಸಲ ನೋಡ್ಕಂಡ್ ಬಾ."

ಮತ್ತೆ ಓಡಿದೆ. ಬೀದಿಯ ತಿರುವಿನಲ್ಲಿ ನಿಂತು ಕಣ್ಣರಳಿಸಿ ನೋಡಿದೆ. ಮನುಷ್ಯ ನಡೆಯುವುದನ್ನು ನಾನು ಮೊದಲ ಬಾರಿಗೆ ನೋಡಿದ್ದು ಅಂದೇ ಇರಬೇಕು. ವಾಪಸು ಬಂದು, "ಹೊಸ ಚಪ್ಪಲಿ ಕಚ್ಚಿರೋ ಮದ್ವೆ ಗಂಡಿನ ಥರ ಬರ್ತಾ ಇದಾರೆ. ಕಾಲು ಕುಂಟ್ತಾ ಇದೆ, ಮೀಸೆ ಮಾತ್ರ ನೆಟ್ಟಗಿದೆ" ಎಂದೆ. ದೊಡ್ಡಮ್ಮ ನಗುತ್ತಾ ನಗುತ್ತಾ ಡಬ್ಬಿಯನ್ನೇ ನನ್ನ ಮಡಿಲಿಗೆ ಬಗ್ಗಿಸಿದಳು. ಅಷ್ಟರಲ್ಲಿ ದೊಡ್ಡಪ್ಪ ಕುಂಟುತ್ತಾ ಒಳಗೆ ಬಂದು, ಇವರಿಬ್ಬರೂ ಯಾಕೆ ಹೀಗೆ ಬಿದ್ದು ಬಿದ್ದು ನಗುತ್ತಿದ್ದಾರೆಂದು ತಿಳಿಯದೆ ಮೀಸೆ ಮುಟ್ಟಿ ನೋಡಿಕೊಂಡರು.

ಈ ಚಾಳಿ ಎಷ್ಟರಮಟ್ಟಿಗೆ ಬೆಳೆಯಿತೆಂದರೆ, ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ದೊಡ್ಡಮ್ಮ ಅಡುಗೆಮನೆಗೆ ಕರೆದು "ಹುಡ್ಗ ಹೆಂಗವ್ನೆ?" ಎಂದಳು. ನಾನು ಅಭ್ಯಾಸಬಲದಿಂದ, "ತಂತಿ ಮೇಲೆ ಒಣಗಾಕಿರೋ ಪ್ಯಾಂಟ್ ಇದ್ದಂಗವ್ರೆ" ಎಂದೆ. ಅಡುಗೆಮನೆಗೂ ಹಾಲಿಗೂ ನಡುವೆ ಇದ್ದದ್ದು ಒಂದು ಬಟ್ಟೆಯ ಪರದೆ. ಹಾಲಿನಲ್ಲಿ ಯಾರೋ ಒಬ್ಬರು ಉಪ್ಪಿಟ್ಟು ನುಂಗಲಾರದೆ ಕೆಮ್ಮಿದರು. ಆ ಕೆಮ್ಮಿದವರೇ ಈಗ ನನ್ನ ಯಜಮಾನರು. ಈಗ ಅವರ ಹೊಟ್ಟೆ ಗೂಳೂರು ಗಣಪನಿಗೆ ಪೈಪೋಟಿ ಕೊಡುತ್ತಿದೆ, ಆ ಮಾತು ಬೇರೆ.

ಇರಲಿ, ಎಲ್ಲಿಗೋ ಹೋದೆ. ನಾನು ಹೇಳಹೊರಟದ್ದು ನಮ್ಮ ಸಿಂಚನಳ ವಿಷಯ.

ಸಿಂಚನ ನನ್ನ ತಮ್ಮನ ಮಗಳು, ಏಳನೇ ಕ್ಲಾಸು. ಮನೆ ಒಂದೇ: ಮೇಲೆ ನಾವು, ಕೆಳಗೆ ಅವರು. ಅವಳ ತಾಯಿ ಭಾರತಿ ಕುಣಿಗಲ್ಲಿನ ಹುಡುಗಿ. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಚೆಕಿಂಗ್ ಮಾಡುತ್ತಾಳೆ. ಅಳತೆಗೆ ಕೂದಲೆಳೆಯಷ್ಟು ಆಚೀಚೆ ಇದ್ದರೂ ಅವಳ ಕೈಯಲ್ಲಿ ಮಾಲು ರಿಜೆಕ್ಟು. ಸಂಜೆ ಮನೆಗೆ ಬಂದ ಮೇಲೂ ಆ ಕಣ್ಣು ಆರುವುದಿಲ್ಲ, ನನ್ನ ಚಪಾತಿಯನ್ನೂ ತಿರುಗಿಸಿ ತಿರುಗಿಸಿ ನೋಡುತ್ತಾಳೆ.

ದಸರಾ ರಜೆಗೆ ಮುಂಚೆ ಸಿಂಚನಳ ಕನ್ನಡದ ಅಂಕ ಬಂತು. ಗಣಿತದಲ್ಲಿ ಎತ್ತರ, ವಿಜ್ಞಾನದಲ್ಲಿ ಎತ್ತರ, ಕನ್ನಡದಲ್ಲಿ ಮಾತ್ರ ಗುಂಡಿ. ಭಾರತಿ ಬ್ಯಾಗನ್ನೂ ಇಳಿಸದೆ ಮೇಲೆ ಹತ್ತಿಬಂದಳು.

"ಅತ್ಗೆ, ಸಾಕು. ಎಂಟನೇ ಕ್ಲಾಸಿಂದ ಕನ್ನಡ ಬಿಡಿಸಿ ಸಂಸ್ಕೃತ ಹಾಕಿಸ್ತೀನಿ. ಅದ್ರಲ್ಲಿ ಔಟ್ ಆಫ್ ಔಟ್ ಬೀಳುತ್ತಂತೆ. ಇವಳ ಕ್ಲಾಸಲ್ಲಿ ಅರ್ಧಕ್ಕರ್ಧ ಮಕ್ಕಳು ಹೋಗ್ತಾ ಇದಾರೆ."

ಸಂಸ್ಕೃತದ ಮೇಲೆ ನನಗೇನೂ ಕೋಪವಿಲ್ಲ. ಅದರ ಪಾಡಿಗೆ ಅದು ಚೆನ್ನಾಗಿರಲಿ. ಆದರೆ ನನ್ನ ಎದೆಯಲ್ಲಿ ಆ ಡಬ್ಬಿಯ ಮುಚ್ಚಳ ಟಪ್ಪೆಂದ ಹಾಗಾಯಿತು. ಈ ಮನೆಯಲ್ಲಿ ಕನ್ನಡದಲ್ಲಿ ಓದಿ ಬರೆಯುವ ಮುಂದಿನ ತಲೆ ಇದೊಂದೇ. ಇದೂ ಎದ್ದು ಹೋದರೆ ನಾನು ಯಾರನ್ನು 'ಹೆಂಗೆ?' ಎಂದು ಕೇಳಲಿ?

"ಇನ್ನೊಂದು ಟೆಸ್ಟ್ ನೋಡೋಣ ಭಾರತಿ. ಯಾವ ಪಾಠ ಬರುತ್ತಂತೆ?"

"ಸಾಹಿತ್ಯದ ಪದಗಳು ಅಂತೆ. ಉಪಮೆ, ರೂಪಕ, ಅದೂ ಇದೂ. ಇದ್ರಲ್ಲಿ ಚೆನ್ನಾಗಿ ತೆಗೆದ್ರೆ ಕನ್ನಡ. ಇಲ್ಲಾಂದ್ರೆ ಸಂಸ್ಕೃತ. ಆಮೇಲೆ ನನ್ನ ಹತ್ರ ಮಾತಾಡಂಗಿಲ್ಲ." ಮಾಲಿನ ಮೇಲೆ ಚೀಟಿ ಅಂಟಿಸಿದ ಹಾಗೆ ಹೇಳಿ ಇಳಿದುಹೋದಳು.

ಮಾರನೆಯ ದಿನ ಹುಡುಗಿಯನ್ನು ಕೂರಿಸಿಕೊಂಡೆ. "ಉಪಮೆ ಅಂದ್ರೇನಮ್ಮ?"

"ಉಪಮೇಯ, ಉಪಮಾನ, ವಾಚಕ ಪದ, ಸಮಾನ ಧರ್ಮ" ಎಂದು ಬ್ಯಾಂಕಿನ ಓಟಿಪಿ ಹೇಳುವ ಹಾಗೆ ಒಂದೇ ಉಸಿರಿಗೆ ಹೇಳಿದಳು. ಹೇಳಿದ ಮರುಕ್ಷಣ ಅದೂ ಓಟಿಪಿಯಂತೆಯೇ ಅಳಿಸಿಹೋಯಿತು. ಮತ್ತೆ ಕೇಳಿದರೆ ಪಿಳಿಪಿಳಿ.

ಪುಸ್ತಕ ಮುಚ್ಚಿಸಿ ಬೀದಿಗೆ ಕರೆದುಕೊಂಡು ಹೊರಟೆ. ಆ ಹೊತ್ತಿಗೆ ನಮ್ಮ ರಸ್ತೆಯನ್ನು ಪೈಪು ಹಾಕಲು ಅಗೆದು, ಮುಚ್ಚಿ, ಕೇಬಲ್ ಹಾಕಲು ಮತ್ತೆ ಅಗೆದಿದ್ದರು.

"ಈ ರೋಡು ಹೆಂಗಿದೆ?"

"ರೋಡಿನ ಥರ ಇದೆ ಅತ್ತೆ."

ಕರ್ಮವೇ. ತಟ್ಟೆ ಇಡ್ಲಿ ಅಂಗಡಿಗೆ ಕರೆದುಕೊಂಡು ಹೋದೆ. ಇಡ್ಲಿ ಹೆಂಗಿದೆ? ಚೆನ್ನಾಗಿದೆ. ಚಟ್ನಿ ಹೆಂಗಿದೆ? ಖಾರ ಇದೆ. ಎರಡನೇ ಇಡ್ಲಿಗೆ ಕೈ ಹಾಕುವ ಮೊದಲು ದೊಡ್ಡಮ್ಮನ ಕಾನೂನು ಜಾರಿಗೆ ತಂದೆ: ಹೆಂಗಿದೆ ಎಂದು ಹೇಳುವವರೆಗೆ ಇಡ್ಲಿ ಇಲ್ಲ. ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡೆ. ಹುಡುಗಿ ಇಡ್ಲಿಯನ್ನು ದಿಟ್ಟಿಸಿತು. ಹಸಿವು ದೊಡ್ಡ ಮೇಷ್ಟ್ರು.

"ಅತ್ತೆ... ಇಡ್ಲಿ ನಿದ್ದೆಯಿಂದ ಎದ್ದ ಪಾಪು ಕೆನ್ನೆ ಥರ ಇದೆ. ಮುಟ್ಟಿದ್ರೆ ಒಳಗೆ ಹೋಗುತ್ತೆ, ಬಿಟ್ರೆ ಮೇಲೆ ಬರುತ್ತೆ."

ನಾನು ಅಂಗಡಿಯಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. "ಇದೇ ಕಣೇ ಉಪಮೆ! ಇಡ್ಲಿ ಉಪಮೇಯ, ಕೆನ್ನೆ ಉಪಮಾನ. ಒತ್ತಿದ್ರೆ ಒಳಗೆ ಹೋಗೋದು ಎರಡಕ್ಕೂ ಸಮ, ಅದೇ ಸಮಾನ ಧರ್ಮ. 'ಥರ' ಅಂದ್ಯಲ್ಲ, ಅದು ಇಬ್ಬರನ್ನೂ ಜೋಡಿಸೋ ಮದುವೆ ದಲ್ಲಾಳಿ, ವಾಚಕ ಪದ."

"ದಲ್ಲಾಳಿ ಹೊರಟು ಹೋದ್ರೆ?"

"ಇಬ್ಬರೂ ಒಂದೇ ಆಗಿಬಿಡ್ತಾರೆ. 'ಇಡ್ಲಿಯೇ ಕೆನ್ನೆ' ಅಂದ್ರೆ ರೂಪಕ."

ಅಲ್ಲಿಂದ ಮುಂದೆ ಅವಳನ್ನು ಹಿಡಿಯುವವರೇ ಇಲ್ಲ. ವಾಪಸು ಬರುವಾಗ ತಾನೇ ರಸ್ತೆಯ ನಡುವೆ ನಿಂತಳು. "ಅತ್ತೆ, ನಮ್ಮ ರೋಡು ಪಪ್ಪನ ತಲೆ ಥರ ಇದೆ. ಅಲ್ಲಲ್ಲಿ ಮಾತ್ರ ಕಪ್ಪಗಿದೆ." ರಾತ್ರಿ ಊಟಕ್ಕೆ ಕೂತ ನನ್ನ ತಮ್ಮನ ತಲೆಯನ್ನು ಇಬ್ಬರೂ ನೋಡಿ ನೋಡಿ ಉಸಿರುಗಟ್ಟಿ ನಕ್ಕೆವು. ಅವನು ಎದ್ದುಹೋಗಿ ಕನ್ನಡಿ ನೋಡಿಕೊಂಡು ಬಂದ.

ರಜೆಯೆಲ್ಲ ಹೀಗೇ ನಡೆಯಿತು. ನನ್ನ ಹಳೇ ಸ್ಕೂಟರು ಸ್ಟಾರ್ಟ್ ಆಗದಿದ್ದಾಗ "ಮುನಿಸ್ಕೊಂಡಿದೆ" ಎಂದರೆ, ಅದು ಜೀವವಿಲ್ಲದ್ದಕ್ಕೆ ಮನುಷ್ಯರ ಸ್ವಭಾವ ಕೊಡುವ ಪಾಠ. ಊಟಕ್ಕೆ ಕರೆದು ಕರೆದು "ಕೂಗಿ ಕೂಗಿ ನನ್ನ ನಾಲಿಗೆ ಬೆಂಗಳೂರು ತಲುಪ್ತು" ಎಂದರೆ ಅತಿಶಯೋಕ್ತಿ. ಎಲ್ಲರೂ ಉಂಡೆದ್ದ ಮೇಲೆ ಅಡುಗೆಮನೆಗೆ ಬಂದು "ಏನಾದ್ರೂ ಹೆಲ್ಪ್ ಬೇಕಾ?" ಎನ್ನುವ ನನ್ನ ಯಜಮಾನರಿಗೆ "ಎಂಥ ಒಳ್ಳೇ ಟೈಮಿಗೆ ಬಂದ್ರಿ" ಎಂದರೆ ವ್ಯಂಗ್ಯ. ಪ್ರತಿಯೊಂದಕ್ಕೂ ನಮ್ಮ ದೊಡ್ಡಮ್ಮನ ಒಂದೊಂದು ಬೈಗುಳ ಉದಾಹರಣೆ. ಭಾರತಿ ಕೆಳಗಿನಿಂದಲೇ ಕೇಳಿಸಿಕೊಳ್ಳುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಟೆಸ್ಟು ಮುಗಿಯಿತು. ಸಿಂಚನ ಕುಣಿಯುತ್ತಾ ಬಂದಳು. "ಎಲ್ಲಾ ಬರೆದೆ ಅತ್ತೆ! ಜಾಗ ಸಾಲ್ದೆ ಎಕ್ಸ್‌ಟ್ರಾ ಶೀಟ್ ತಗೊಂಡೆ!"

ಅದಾದ ಸ್ವಲ್ಪ ದಿನಕ್ಕೆ ಸ್ಕೂಲಿನಿಂದ ಫೋನು ಬಂತು: ಪೇರೆಂಟ್ಸ್ ಬಂದು ಕನ್ನಡ ಮಿಸ್ಸನ್ನು ನೋಡಬೇಕು. ಭಾರತಿ ಅರ್ಧ ದಿನ ರಜ ಹಾಕಿ, ನನ್ನ ಕೈ ಹಿಡಿದು, "ಪಾಠ ಮಾಡಿದೋರೂ ಬನ್ನಿ" ಎಂದು ಎಳೆದುಕೊಂಡು ಹೊರಟಳು.

ಸ್ಟಾಫ್ ರೂಮಿನಲ್ಲಿ ಶೈಲಜಾ ಮಿಸ್ ಉತ್ತರಪತ್ರಿಕೆ ಮುಂದಿಟ್ಟುಕೊಂಡು ಕೂತಿದ್ದರು. ಸಿಂಚನ ಪಕ್ಕದಲ್ಲಿ ನಿಂತಿದ್ದಳು. ಬೇರೆ ಮೇಷ್ಟರುಗಳು ತಮ್ಮ ತಮ್ಮ ಕೆಲಸ ಮಾಡುತ್ತಿರುವಂತೆ ನಟಿಸುತ್ತಾ ಕಿವಿಗಳನ್ನು ನಮ್ಮ ಕಡೆ ಕಳಿಸಿದ್ದರು.

"ಪುಸ್ತಕದಲ್ಲಿರೋ ಉದಾಹರಣೆ ಒಂದೂ ಬರ್ದಿಲ್ಲ" ಎಂದರು ಮಿಸ್. "ಏನ್ ಬರ್ದಿದಾಳೆ ಓದ್ತೀನಿ, ಕೇಳಿ. ಉಪಮೆ: 'ನಮ್ಮ ಗುಬ್ಬಿ ದೊಡ್ಡಜ್ಜಿ ಹೇಳುತ್ತಿದ್ದಂತೆ, ಕೋಪ ಬಂದರೆ ನಮ್ಮ ಅತ್ತೆಯ ಮೂಗು ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬುತ್ತದೆ.'"

ಎಲ್ಲರೂ ನನ್ನ ಮೂಗು ನೋಡಿದರು. ನಾನು ಅದನ್ನು ಆದಷ್ಟು ಚಪ್ಪಟೆಯಾಗಿ ಇಟ್ಟುಕೊಂಡೆ.

"ರೂಪಕ: 'ಪಪ್ಪನ ತಲೆಯೇ ನಮ್ಮ ಬೀದಿ ರಸ್ತೆ.' ಅತಿಶಯೋಕ್ತಿ: 'ಅಮ್ಮ ಫೋನಿನಲ್ಲಿ ಸರಿ ಇಡ್ತೀನಿ ಎಂದು ಹೇಳಿ, ನಿಜವಾಗಿ ಇಡುವಷ್ಟರಲ್ಲಿ ತೆಂಗಿನ ಸಸಿ ಕಾಯಿ ಬಿಡುತ್ತದೆ.'"

ಭಾರತಿಯ ಮುಖ ಕೆಂಪಾಯಿತು.

"ಇನ್ನು ವ್ಯಂಗ್ಯ..." ಮಿಸ್ ಸ್ವಲ್ಪ ತಡೆದರು. "'ಕನ್ನಡ ಮಿಸ್‌ಗೆ ನಮ್ಮ ಮೇಲೆ ಎಷ್ಟು ಪ್ರೀತಿ ಎಂದರೆ, ಪಾಪ, ಪಿ.ಟಿ. ಪೀರಿಯಡ್ಡನ್ನೂ ಆಟದಲ್ಲಿ ಹಾಳು ಮಾಡಿಕೊಳ್ಳಲು ಬಿಡುವುದಿಲ್ಲ.'"

ಮೂಲೆಯಲ್ಲಿದ್ದ ಪಿ.ಟಿ. ಮೇಷ್ಟರು ಮುಖವನ್ನು ಹಾಜರಿ ಪುಸ್ತಕದೊಳಗೆ ತೂರಿಸಿಕೊಂಡರು. ಪುಸ್ತಕ ಗಡಗಡ ನಡುಗುತ್ತಿತ್ತು.

"ಲಕ್ಷಣ ಎಲ್ಲಾ ಸರಿ ಇದೆ" ಎಂದರು ಮಿಸ್, ತಾವೂ ನಗು ತಡೆದುಕೊಳ್ಳುತ್ತಾ. "ಬಿಡಿಸಿ ಬಿಡಿಸಿ ಬರ್ದಿದಾಳೆ. ಆದ್ರೆ ನನಗೆ ಕೊಟ್ಟಿರೋ ಕೀ ಆನ್ಸರ್‌ನಲ್ಲಿ ಪೂರಿ ಇಲ್ಲ. ಹಿಂಗೇ ಮಾರ್ಕ್ಸ್ ಕೊಟ್ರೆ ನನ್ನನ್ನ ಕೇಳ್ತಾರೆ. ಸೋಮವಾರ ಇನ್ನೊಂದ್ಸಲ ಬರೀಲಿ. ಅರ್ಧ ಪುಸ್ತಕದ್ದು, ಅರ್ಧ ಮನೇದು. ಪಿ.ಟಿ. ವಿಷಯ ಮಾತ್ರ ಬೇಡ."

ನಾನು ಭಾರತಿಯ ಕಡೆ ನೋಡಲಿಲ್ಲ. ಮುಗಿಯಿತು ಎಂದುಕೊಂಡೆ. ಈಗ ಬಾಯಿ ತೆರೆಯುತ್ತಾಳೆ, ಸಂಸ್ಕೃತ ಎನ್ನುತ್ತಾಳೆ. ಭಾರತಿ ಉತ್ತರಪತ್ರಿಕೆಯನ್ನು ಕೈಗೆ ತೆಗೆದುಕೊಂಡು, ಕಾರ್ಖಾನೆಯ ಮಾಲಿನಂತೆ ತಿರುಗಿಸಿ ತಿರುಗಿಸಿ ನೋಡಿದಳು. ಹಿಂದೆ ಮುಂದೆ, ಎಕ್ಸ್‌ಟ್ರಾ ಶೀಟು, ಎಲ್ಲಾ.

"ಮಿಸ್, ಇದ್ರಲ್ಲಿ ಕುಣಿಗಲ್ದು ಒಂದೂ ಇಲ್ವಲ್ಲ?"

"ಅಂದ್ರೆ?"

"ಎಲ್ಲಾ ಗುಬ್ಬೀದೇ! ಗುಬ್ಬಿ ದೊಡ್ಡಜ್ಜಿ ಹಂಗಂದ್ರು, ಗುಬ್ಬಿ ದೊಡ್ಡಜ್ಜಿ ಹಿಂಗಂದ್ರು. ನಮ್ಮಮ್ಮಂಗೇನ್ ಬಾಯಿಲ್ವಾ? ನಮ್ಮಮ್ಮ ಮಾತಿಗೆ ನಿಂತ್ರೆ ಕುಣಿಗಲ್ ಕೆರೆ ಕೋಡಿ ಬಿದ್ದಂಗೆ!"

"ಉಪಮೆ" ಎಂದಳು ಸಿಂಚನ, ಮೆಲ್ಲಗೆ.

"ನೀ ಸುಮ್ನಿರೇ! ಮದುವೆಯಾದಾಗಿಂದ ಇವರ ಮನೆ ಮಾತು ಕೇಳೀ ಕೇಳೀ ನನ್ ಕಿವಿ ಸವೆದುಹೋಗಿ ಬರೀ ಓಲೆ ನೇತಾಡ್ತಾ ಇದೆ!"

"ಅತಿಶಯೋಕ್ತಿ."

"ನಮ್ಮತ್ಗೆಗೇನು, ಪಾಪ, ಮಾತೇ ಬರಲ್ಲ!"

"ವ್ಯಂಗ್ಯ!" ಎಂದರು ಶೈಲಜಾ ಮಿಸ್. ಬಾಯಿ ಜಾರಿ ಬಂದುಬಿಟ್ಟಿತ್ತು. ಪಿ.ಟಿ. ಮೇಷ್ಟರ ಪುಸ್ತಕ ಕೆಳಗೆ ಬಿತ್ತು. ಸ್ಟಾಫ್ ರೂಮಿಗೆ ಸ್ಟಾಫ್ ರೂಮೇ ನಕ್ಕಿತು. ಭಾರತಿ ಒಬ್ಬಳೇ ನಗಲಿಲ್ಲ. "ಭಾನುವಾರ ಕುಣಿಗಲ್ಲಿಗೆ ಹೋಗ್ತಾ ಇದೀವಿ. ನೀವೂ ಬನ್ನಿ ಅತ್ಗೆ, ಬಂದು ಕೇಳಿ. ಆಮೇಲೆ ಸಂಸ್ಕೃತದ ಮಾತು" ಎಂದಳು.

ಭಾನುವಾರ ಬೆಳಿಗ್ಗೆ ಕುಣಿಗಲ್ ಬಸ್ಸು ಹತ್ತಿದೆವು. ಭಾರತಿಯ ತಾಯಿ ಪುಟ್ಟಮ್ಮನವರು ಬಾಗಿಲಲ್ಲೇ ಕಾಯುತ್ತಿದ್ದರು. ಅದೇ ತಪ್ಪಾಗಿದ್ದು. ಮೊಮ್ಮಗಳ ಪರೀಕ್ಷೆಗೆ ನಿನ್ನ ಮಾತು ಬೇಕಮ್ಮ ಎಂದು ಮಗಳು ಮುಂಚೆಯೇ ಫೋನು ಮಾಡಿದ್ದಳು. ಅಜ್ಜಿ ರೇಷ್ಮೆ ಸೀರೆ ಉಟ್ಟು, ಸೆರಗು ಹೊದ್ದು, ಫೋಟೋಗೆ ಕೂತ ಹಾಗೆ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಸಿಂಚನ ಪೆನ್ನು ಹಿಡಿದು "ಹೇಳಜ್ಜಿ" ಎಂದಳು.

ಅಜ್ಜಿ ಗಂಟಲು ಸರಿಮಾಡಿಕೊಂಡು, ಟೀವಿಯಲ್ಲಿ ವಾರ್ತೆ ಓದುವವರ ಧಾಟಿಯಲ್ಲಿ, "ನಾವು ಕ್ಷೇಮವಾಗಿದ್ದೇವೆ. ನಮ್ಮ ಊರಿನಲ್ಲಿ ದೊಡ್ಡದಾದ ಕೆರೆಯು ಇರುತ್ತದೆ" ಎಂದರು.

"ಅಮ್ಮ, ಹಂಗಲ್ಲ. ದಿನಾ ಮಾತಾಡಂಗೆ ಮಾತಾಡು!"

"ಕೆರೆಯಲ್ಲಿ ನೀರು ಇರುತ್ತದೆ."

ಭಾರತಿ ಹಣೆ ಚಚ್ಚಿಕೊಂಡಳು. "ಎದುರುಮನೆಯವರಿಗೆ ಬೈತೀಯಲ್ಲ, ಹಂಗೆ!" ಎಂದಳು. "ಅವರು ಒಳ್ಳೆಯ ಜನ" ಎಂದರು ಅಜ್ಜಿ. ಊಟದ ಹೊತ್ತಾಯಿತು. ಸಿಂಚನಳ ಹಾಳೆಯಲ್ಲಿ ಕೆರೆ ಬಿಟ್ಟರೆ ಇನ್ನೇನೂ ಇರಲಿಲ್ಲ. ಭಾರತಿಯ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇವತ್ತು ಕುಣಿಗಲ್ ಬಾಯಿ ಬಿಡದಿದ್ದರೆ ನಾಳೆ ಕನ್ನಡವೂ ಬಾಯಿ ಮುಚ್ಚುತ್ತದೆ.

ಮುದ್ದೆ ಬಸ್ಸಾರು ಬಡಿಸಿದರು. ಬಸ್ಸಾರು ಎಂದರೆ ಬಸ್ಸಾರು, ಬೆರಳು ನೆಕ್ಕುವಂಥದ್ದು. ಒಂದು ತುತ್ತು ನುಂಗಿ, ಧೈರ್ಯ ಮಾಡಿ, ಜೀವದ ಆಸೆ ಬಿಟ್ಟು ಹೇಳಿದೆ:

"ಚೆನ್ನಾಗಿದೆ ಅಮ್ಮ. ಆದ್ರೆ ನಮ್ ಗುಬ್ಬೀಲಿ ಇನ್ನೊಂಚೂರು ಗಟ್ಟಿಯಾಗಿ ಮಾಡ್ತೀವಿ."

ಬೀಗರ ಕಡೆಯವಳು, ಅವರದೇ ಎಲೆಯ ಮುಂದೆ ಕೂತು, ಬಸ್ಸಾರಿನ ಮೇಲೆ ಕೈ ಹಾಕಿದ್ದೆ. ಅಜ್ಜಿ ಸೌಟನ್ನು ಪಾತ್ರೆಗೆ ಬಿಟ್ಟರು. ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಏನಂದೆ ಕಣವ್ವ? ಗುಬ್ಬೀಲಿ ಗಟ್ಟಿನಾ? ಮದ್ವೇಲಿ ನಿಮ್ ಸಾರು ನಾನ್ ಉಂಡಿಲ್ವಾ? ಬೇಳೆ ಒಂದ್ ಕಡೆ, ನೀರೊಂದ್ ಕಡೆ, ಕೋರ್ಟಲ್ಲಿ ಡೈವರ್ಸ್ ಆದ ಗಂಡ ಹೆಂಡ್ತಿ ನಿಂತಂಗೆ ನಿಂತಿದ್ವು!"

"ಬರ್ಕೋ, ಬರ್ಕೋ!" ಎಂದು ಭಾರತಿ ಮಗಳ ಬೆನ್ನಿಗೆ ತಿವಿದಳು.

"ಒಂದು ಬೇಳೆ ಹುಡ್ಕಕ್ಕೆ ನಮ್ ಯಜಮಾನ್ರು ಪಂಚೆ ಎತ್ತಿಕಟ್ಟಿ ಎಲೆಗೆ ಇಳಿಬೇಕಾಯ್ತು! ಆ ಸಾರೇ ಒಂದ್ ಸಮುದ್ರ, ಅದ್ರಾಗೆ ಬದ್ನೆಕಾಯಿ ದಿಕ್ ತಪ್ಪಿದ ದೋಣಿ! ಇನ್ನು ನಿಮ್ಮೋರ ಕೈ ಎಷ್ಟ್ ದೊಡ್ದು ಅಂತೀಯ, ತುಪ್ಪಾನ ಎಲೆಗೆ ಹಾಕದೆ ಜೋಪಾನವಾಗಿ ತೋರ್ಸ್ಕಂಡ್ ಹೋದ್ರು! ನಮ್ ಬಸ್ಸಾರು ಹೆಸ್ರು ಹೇಳಿದ್ರೆ ಹುಲಿಯೂರುದುರ್ಗದ ಬೆಟ್ಟ ಎದ್ದು ಮುದ್ದೆ ಹಿಡ್ಕಂಡ್ ಬತ್ತದೆ, ಬುಡು!"

"ಅಜ್ಜಿ, ನಿಧಾನ! ರೂಪಕ ಇನ್ನೂ ಬರೀತಾ ಇದೀನಿ!" ಎಂದು ಸಿಂಚನ ಕಿರುಚಿದಳು. ಎಂಜಲು ಕೈಯನ್ನು ಮೇಲೆತ್ತಿಕೊಂಡು, ಎಡಗೈಯಲ್ಲಿ ಕಾಗೆಕಾಲು ಗುಬ್ಬಿಕಾಲು ಗೀಚುತ್ತಿದ್ದಳು. ನಾನು ತಲೆ ತಗ್ಗಿಸಿ, ಬೈಸಿಕೊಳ್ಳುತ್ತಾ, ಆ ಅಮೃತದಂಥ ಬಸ್ಸಾರನ್ನು ಎರಡನೇ ಸಲ, ಮೂರನೇ ಸಲ ಹಾಕಿಸಿಕೊಂಡೆ. ಬೈಯುತ್ತಲೇ ಬಡಿಸಿದರು, ಬಡಿಸುತ್ತಲೇ ಬೈದರು.

ಸಂಜೆ ವಾಪಸು ಬಸ್ಸಿನಲ್ಲಿ ಸಿಂಚನ ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ಭಾರತಿ ಹಾಳೆಗಳನ್ನು ಬಿಡಿಸಿ ಓದುತ್ತಿದ್ದಳು. ಓದುತ್ತಾ ಓದುತ್ತಾ ಭುಜ ಕುಲುಕಿತು. ಆಮೇಲೆ ಬಾಯಿಗೆ ಸೆರಗು ಹಿಡಿದುಕೊಂಡಳು. ಕೊನೆಗೆ ಮುಂದಿನ ಸೀಟಿನವರು ತಿರುಗಿ ನೋಡುವಂತೆ ನಕ್ಕುಬಿಟ್ಟಳು.

ನಾನು ಮೆಲ್ಲಗೆ ಕೇಳಿದೆ. "ಭಾರತಿ, ನಾಳೆ ಮಾರ್ಕ್ಸ್ ಕಮ್ಮಿ ಬಂದ್ರೆ... ಸಂಸ್ಕೃತ?"

ಅವಳು ಹಾಳೆಗಳನ್ನು ಮಡಿಸಿ ತನ್ನ ಬ್ಯಾಗಿನೊಳಗೆ, ಒಡೆಯುವ ಸಾಮಾನಿನಂತೆ ಹುಷಾರಾಗಿ ಇಟ್ಟುಕೊಂಡಳು.

"ಏನ್ ಅತ್ಗೆ ನೀವು" ಎಂದಳು. "ಸಂಸ್ಕೃತದಲ್ಲಿ ನಮ್ಮಮ್ಮನ್ನ ಎಲ್ಲಿ ಅಂತ ಬರೀತಾಳೆ?"